ಹನ್ನೊಂದು ಪುಟದ ತರ್ಜುಮೆ

ಆ ನೋಟ್‌ಬುಕ್ಕು ನನ್ನ ಮೇಜಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ಫಿರ್ಯಾದಿನ ಅರ್ಜಿಯ ಕೆಳಗೆ, ಕಡತದ ದಾರಕ್ಕೆ ಸಿಕ್ಕಿಸಿಕೊಂಡು ಬಂದಿತ್ತು. ನೀಲಿ ರಟ್ಟು, ಮೂಲೆಗಳು ಸವೆದಿದ್ದವು. ಒಳಗೆ ಹೈಸ್ಕೂಲಿನ ವಿದ್ಯಾರ್ಥಿಯೊಬ್ಬನ ಕನ್ನಡ ಬರವಣಿಗೆ. ಅದರಲ್ಲಿ ಹನ್ನೊಂದು ಪುಟಕ್ಕೆ ಶಿರಸ್ತೇದಾರರು ಪೆನ್ಸಿಲಿನಲ್ಲಿ ಗೆರೆ ಎಳೆದು ಮೇಲೊಂದು ಚೀಟಿ ಇಟ್ಟಿದ್ದರು: ‘ಪೂರ್ತಿ ತರ್ಜುಮೆ. ಗುರುವಾರದೊಳಗೆ.’

ಚಿತ್ರದುರ್ಗದ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ನಾನು ತರ್ಜುಮೆಗಾರ. ನಮ್ಮ ಕೋರ್ಟಿನ ಕೆಲಸವೆಲ್ಲ ಕನ್ನಡದಲ್ಲೇ ನಡೆಯುವುದು ವಾಡಿಕೆ. ಆದರೆ ಆ ವರ್ಷ ಬಂದ ಸಾಹೇಬರು ಮದರಾಸಿನ ಕಡೆಯವರು. ಕನ್ನಡ ಮಾತು ಅರ್ಥವಾಗುತ್ತಿತ್ತು, ತಕ್ಕಮಟ್ಟಿಗೆ ಆಡುತ್ತಲೂ ಇದ್ದರು. ಕೈಬರಹ ಮಾತ್ರ ಓದಲು ಬಾರದು. ಹಾಗಾಗಿ ದಾಖಲೆಗೆ ಸೇರುವ ಮುಖ್ಯ ಕಾಗದವನ್ನೆಲ್ಲ ನಾನು ಇಂಗ್ಲಿಷಿಗೆ ತಿರುಗಿಸಿ, ಕೊನೆಯಲ್ಲಿ ‘ಇದು ನನ್ನ ತಿಳುವಳಿಕೆಯ ಮಟ್ಟಿಗೆ ನಿಜವಾದ ತರ್ಜುಮೆ’ ಎಂದು ಬರೆದು ರುಜು ಹಾಕಬೇಕು. ಆ ರುಜು ಬಿದ್ದ ಮೇಲೆ ಮೂಲ ಕಾಗದವನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ.

ಫಿರ್ಯಾದಿ, ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯ ಪಟೇಲರು. ಆಪಾದಿತ, ಅದೇ ಹಳ್ಳಿಯ ರೈತರೊಬ್ಬರ ಕಿರಿಯ ಮಗ. ದುರ್ಗದಲ್ಲಿ ಕೋಣೆ ಹಿಡಿದು ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಓದುತ್ತಿದ್ದ, ವಯಸ್ಸು ಹತ್ತೊಂಬತ್ತು. ಶಾಲೆಯ ಕನ್ನಡ ಪಂಡಿತರು ತರಗತಿಗೆ ಒಂದು ಕಾದಂಬರಿ ಓದಲು ಕೊಟ್ಟು, ‘ಓದಿದ ಮೇಲೆ ನಿಮಗೆ ತೋಚಿದ್ದನ್ನು ಬರೆಯಿರಿ’ ಅಂದಿದ್ದರು. ಇವನು ಬರೆದದ್ದು ಅವರಿಗೆ ಮೆಚ್ಚುಗೆಯಾಗಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. ಕೇಳಿದವರಲ್ಲಿ ಒಬ್ಬ ಅದೇ ಹೋಬಳಿಯವನು. ಸುದ್ದಿ ಊರಿಗೆ ಹೋಯಿತು, ಅಲ್ಲಿಂದ ಅಮಲ್ದಾರರ ಕಿವಿಗೂ ಬಿತ್ತು. ಅಮಲ್ದಾರರು ವಿಚಾರಣೆ ಹಿಡಿದರೆ ಪಟೇಲಿಕೆಗೇ ಸಂಚಕಾರ. ಅದಕ್ಕೆ ಮೊದಲೇ ಪಟೇಲರು ಬಂದು ಮಾನನಷ್ಟದ ಫಿರ್ಯಾದು ಕೊಟ್ಟಿದ್ದರು. ತಾನು ಒಂದು ಕೂಸನ್ನು ಕೊಂದೆನೆಂದು ಇವನು ಬರೆದಿದ್ದಾನೆ, ಅದು ಹಸಿ ಸುಳ್ಳು ಎಂಬುದು ಅರ್ಜಿಯ ಸಾರ.

ಯಾವ ಬರಹವನ್ನೇ ಆಗಲಿ ತರ್ಜುಮೆಗೆ ಮೊದಲು ಮೂರು ಸಲ ಓದುವುದು ನನ್ನ ಪದ್ಧತಿ. ಒಮ್ಮೆ ವಿಷಯಕ್ಕೆ, ಒಮ್ಮೆ ಕಷ್ಟದ ಮಾತುಗಳಿಗೆ, ಒಮ್ಮೆ ಪೆನ್ಸಿಲು ಹಿಡಿದು. ಇದಕ್ಕೆ ಅಷ್ಟು ಸಾಲಲಿಲ್ಲ. ಹುಡುಗ ಸಾಲುಸಾಲಿಗೂ ಕಾದಂಬರಿಯ ಮಾತು ಎತ್ತಿದ್ದ. ಶಾಲೆಗೆ ಚೀಟಿ ಕಳಿಸಿ ಕಾದಂಬರಿಯನ್ನೂ ತರಿಸಿ ಓದಿದೆ.

ಅದು ಹಿಂದೆ ಯಾವುದೋ ಕಾಲದ, ಯಾವುದೋ ಸೀಮೆಯ ಕತೆ. ಊರಿನವರೆಲ್ಲ ತನ್ನ ಮತದ ಗುರುತನ್ನೇ ಹಣೆಗೆ ಇಡಬೇಕೆಂದು ಒಬ್ಬ ರಾಜ ಅಪ್ಪಣೆ ಮಾಡುತ್ತಾನೆ. ಕುಂಬಾರರ ಕೇರಿಯವರು ಒಪ್ಪುವುದಿಲ್ಲ. ಅವರ ಗುಡಿ ಕೆಡವಿಸಿ, ಹೆಂಗಸರು ಮಕ್ಕಳ ಸಮೇತ ಕೋಟೆಯಿಂದ ಹೊರಗೆ ಹಾಕಿ, ಉರಿಬೇಸಗೆಯಲ್ಲಿ ಬಾಗಿಲು ಮುಚ್ಚಿಸುತ್ತಾನೆ. ಮುದಿ ಕುಂಬಾರನೊಬ್ಬ ಬಾಗಿಲ ಮುಂದೆ ಕೂತು ತನ್ನ ದೇವರ ಹೆಸರು ಹೇಳುತ್ತಲೇ ಸಾಯುತ್ತಾನೆ. ಓದಿದವರಿಗೆ ಕಣ್ಣು ತೇವವಾಗುವ ಹಾಗೆ ಬರೆದಿದ್ದರು.

ಹುಡುಗ ಬರೆದದ್ದು ಅದನ್ನಲ್ಲ. ಎರಡನೆಯ ಪುಟದಲ್ಲೇ ಹೀಗಿತ್ತು: ‘ತರಗತಿಯಲ್ಲಿ ಎಲ್ಲರೂ ಮುದಿ ಕುಂಬಾರನಿಗಾಗಿ ಅತ್ತರು. ನನಗೆ ಅಳು ಬರಲಿಲ್ಲ. ಬಾಗಿಲು ಕಾಯುವವನೇ ಕಣ್ಣ ಮುಂದೆ ಇದ್ದ. ಅವನು ಅರ್ಧ ಪುಟ ಬಂದು ಹೋಗುತ್ತಾನೆ. ಸೊಂಟದಲ್ಲಿ ನೀರಿನ ತಿತ್ತಿ ಇದೆ. ಹೊರಗೆ ನೀರು ಕೇಳುವ ದನಿ ಅವನಿಗೆ ಕೇಳಿಸುತ್ತದೆ. ಅವನು ಕೆಟ್ಟವನೆಂದು ಎಲ್ಲೂ ಬರೆದಿಲ್ಲ. ಪುಸ್ತಕ ಮುಚ್ಚಿ ರಾಜನನ್ನು ಬೈದು ಮಲಗಬಹುದು. ಕಾವಲಿನವನನ್ನು ಏನು ಮಾಡುವುದು?’

ಆಮೇಲೆ ಬರಹ ಕಾದಂಬರಿಯನ್ನು ಬಿಟ್ಟು ಅವನ ಊರಿಗೆ ಬರುತ್ತದೆ. ಆ ಊರಲ್ಲಿ ಕಂಬಳಿ ನೇಯುವವರ ಐದು ಮನೆ. ಊರ ಹೊರಗೆ ಬಂದು ಇಳಿದಿದ್ದ ಬೈರಾಗಿಯೊಬ್ಬನಿಂದ ಆ ಐದು ಮನೆಯವರು ಉಪದೇಶ ತೆಗೆದುಕೊಂಡರು. ಮಾಂಸ ಬಿಟ್ಟರು. ಊರಮ್ಮನಿಗೆ ಕುರಿ ಕೊಡುವುದಿಲ್ಲ ಅಂದರು. ಆ ಬೇಸಗೆಯಲ್ಲೇ ಊರಿಗೆ ಜ್ವರ ಬಂತು. ಅಮ್ಮ ಮುನಿದದ್ದು ಇವರಿಂದ ಎಂದು ಪಂಚಾಯಿತಿ ಸೇರಿತು. ಐದು ಮನೆಗೆ ಬೆಂಕಿಯಿಲ್ಲ, ಅಗಸನಿಲ್ಲ, ಸೂಲಗಿತ್ತಿಯಿಲ್ಲ, ಬಾವಿಯಿಲ್ಲ. ಗಂಡಸರು ದೂರದ ಹಳ್ಳದಲ್ಲಿ ವರತೆ ತೋಡಿ ನೀರು ತರುತ್ತಿದ್ದರು. ಒಂಬತ್ತನೆಯ ದಿನ ಜ್ವರದಲ್ಲಿದ್ದ ಹೆಂಗಸೊಬ್ಬಳು ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಾವಿಯ ಹತ್ತಿರ ಬಂದಳು. ಎದೆಯಲ್ಲಿ ಹಾಲಿರಲಿಲ್ಲ. ಕೂಸಿಗೂ ಜ್ವರ.

ಅಲ್ಲಿ ಈ ನಾಲ್ಕು ವಾಕ್ಯ: ‘ಪಟೇಲರು ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಬಿಂದಿಗೆ ಹಿಡಿದವರೆಲ್ಲ ನಿಂತಿದ್ದರು. ಏನೂ ಮಾತಾಡಲಿಲ್ಲ. ನೀರು ಕೊಡದೆ ಆ ಕೂಸನ್ನು ಕೊಂದರು.’

ಕೊಂದರು. ಯಾರು?

ಕನ್ನಡದಲ್ಲಿ ಓದುವಾಗ ಈ ಪ್ರಶ್ನೆ ಏಳುವುದೇ ಇಲ್ಲ. ಕರ್ತೃಪದ ಹೇಳದೆ ನಾವು ದಿನವೆಲ್ಲ ಮಾತಾಡುತ್ತೇವೆ. ಇಂಗ್ಲಿಷು ಅದಕ್ಕೆ ಬಿಡುವುದಿಲ್ಲ. ಒಬ್ಬನಾದರೆ ‘ಹಿ’, ಹಲವರಾದರೆ ‘ದೇ’, ಯಾವುದಾದರೂ ಒಂದನ್ನು ಇಡಲೇಬೇಕು. ‘ಕೊಂದರು’ ಎಂದರೆ ಹಲವರು ಕೊಂದರು ಎಂದೂ ಆಗುತ್ತದೆ. ಮರ್ಯಾದೆಯ ರೂಪವಾಗಿ ಪಟೇಲರೊಬ್ಬರೇ ಕೊಂದರು ಎಂದೂ ಆಗುತ್ತದೆ. ‘ಹಿ’ ಎಂದು ಬರೆದರೆ ಒಬ್ಬ ಮನುಷ್ಯನ ಮೇಲೆ ಕೊಲೆಯ ಆರೋಪ. ಫಿರ್ಯಾದು ಗಟ್ಟಿಯಾಗಿ ನಿಂತು ಹುಡುಗ ಜೈಲಿಗೆ ಹೋಗುತ್ತಾನೆ. ‘ದೇ’ ಎಂದು ಬರೆದರೆ ಅದು ಇಡೀ ಊರಿನ ಮಾತು, ಪಟೇಲರ ಫಿರ್ಯಾದಿಗೆ ಕಾಲಿಲ್ಲ.

ಮೊದಲು ನಾನು ಮಾಡಿದ್ದು ಕೆಲಸ ಗೊತ್ತಿದ್ದವನ ಹಂಚಿಕೆ. ‘ನೀರು ನಿರಾಕರಿಸಲ್ಪಟ್ಟು ಕೂಸು ಕೊಲ್ಲಲ್ಪಟ್ಟಿತು’ ಎನ್ನುವ ಅರ್ಥ ಬರುವಂತೆ ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಬರೆದೆ. ಯಾರ ಹೆಸರನ್ನೂ ಹೇಳಬೇಕಿಲ್ಲ. ಸೋಮವಾರ ಸಂಜೆಗೆ ಆ ಪುಟ ಮುಗಿಸಿ, ಜಾಣತನ ಮಾಡಿದೆನೆಂದುಕೊಂಡು ಮನೆಗೆ ಹೋದೆ.

ಮಂಗಳವಾರ ಮಧ್ಯಾಹ್ನ ಶಿರಸ್ತೇದಾರರು ಕರೆದರು. ನಾನು ಬರೆದಷ್ಟನ್ನು ಅವರು ಸಾಹೇಬರಿಗೆ ತೋರಿಸಿಯಾಗಿತ್ತು. ಆ ಸಾಲಿನ ಪಕ್ಕದಲ್ಲಿ ಕೆಂಪು ಮಸಿಯಲ್ಲಿ ಇಂಗ್ಲಿಷಿನ ಎರಡೇ ಮಾತು: ‘ಯಾರಿಂದ?’ ಎಂಬ ಅರ್ಥದ ಪ್ರಶ್ನೆ.

“ಮೂಲದಲ್ಲಿ ಕೊಂದರು ಅಂತಿದೆ ತಾನೇ? ನೀವು ಕೊಲ್ಲಲ್ಪಟ್ಟಿತು ಅಂತ ಯಾಕ್ರೀ ಮಾಡಿದ್ರಿ?” ಅಂದರು ಶಿರಸ್ತೇದಾರರು.

“ಎರಡು ಅರ್ಥಕ್ಕೂ ಎಡೆಯಿದೆ ಸ್ವಾಮಿ. ಅದನ್ನೇ ಒಂದು ಟಿಪ್ಪಣಿಯಾಗಿ ಕೆಳಗೆ ಬರೆದುಬಿಡುತ್ತೇನೆ. ಸಾಹೇಬರೇ ತೀರ್ಮಾನ ಮಾಡಲಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಟಿಪ್ಪಣಿ ಬರೆಯೋದು ವಕೀಲರ ಕೆಲಸ. ನಿಮ್ಮದು ತರ್ಜುಮೆ. ಎರಡು ಅರ್ಥ ಹೇಳೋ ತರ್ಜುಮೆಗೆ ಸಾಹೇಬರು ನಿಮ್ಮನ್ನ ಯಾಕೆ ಇಟ್ಕೋಬೇಕು? ಒಂದು ಬರೀರಿ.”

“ಹುಡುಗನನ್ನೇ ಕೇಳಬಹುದಲ್ಲ?”

“ಆಪಾದಿತನನ್ನ ತರ್ಜುಮೆಗಾರ ಹೋಗಿ ಕೇಳೋದೇ? ಹೊರಗೆ ಇನ್ನೊಂದು ಸಲ ಹಾಗೆ ಅನ್ನಬೇಡಿ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಆ ಸಂಜೆ ನನ್ನ ಮನೆಗೆ ಇಬ್ಬರು ಬಂದರು. ಒಬ್ಬರು ನನ್ನ ಆಗಬೇಕಾದ ಬೀಗರು. ನನ್ನ ಮಗಳನ್ನು ಅವರ ಮಗನಿಗೆ ಕೊಡುವುದೆಂದು ನಿಶ್ಚಯವಾಗಿ, ಮಠದ ಸ್ವಾಮಿಗಳ ಎದುರು ವೀಳ್ಯ ಬದಲಾಯಿಸಿ ನಾಲ್ಕು ತಿಂಗಳಾಗಿತ್ತು. ಇನ್ನೊಬ್ಬರು ಅವರ ದೊಡ್ಡಪ್ಪನ ಮಗ. ಆ ಪಟೇಲರು. ಸಂಬಂಧ ಇಷ್ಟು ಹತ್ತಿರದ್ದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

“ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸಿದೆ. ಪಟೇಲರು ರಾಕ್ಷಸನಂತೇನೂ ಇರಲಿಲ್ಲ. ತೆಳ್ಳಗಿನ ಆಳು, ಮಂಡಿನೋವಿನಿಂದ ಒಂದು ಕಾಲು ಚಾಚಿಕೊಂಡೇ ಕೂತರು. ಊರಿನ ಜ್ವರಕ್ಕೆ ಅವರ ಸೊಸೆಯೂ ಹೋಗಿದ್ದಳು ಎಂದು ಮಾತಿನ ನಡುವೆ ಗೊತ್ತಾಯಿತು.

“ಸುಳ್ಳು ಬರೀರಿ ಅಂತ ಕೇಳಾಕೆ ಬಂದಿಲ್ರಿ” ಅಂದರು. “ಆ ಹುಡುಗ ಪಟೇಲರು ಅಂತಾನೆ, ಕುಳಿತಿದ್ದರು ಅಂತಾನೆ, ಕೊಂದರು ಅಂತಾನೆ. ‘ರು’ ಅಂದ್ರೆ ಮರ್ಯಾದೆ ಅಲ್ಲೇನ್ರಿ? ಮರ್ಯಾದೆ ಕೊಟ್ಟೇ ನನ್ನ ಕೊಲೆಗಾರ ಮಾಡ್ಯಾನೆ. ಐತೋ ಇಲ್ಲೋ ಹೇಳ್ರಿ.”

“ಹಾಗೂ ಅರ್ಥ ಆಗ್ತೈತೆ” ಅಂದೆ.

“ಅಷ್ಟೇ ಬರೀರಿ. ನಾನೊಬ್ನೇ ಅಲ್ರಿ ಅವತ್ತು ಅಲ್ಲಿದ್ದಿದ್ದು. ಊರಿಗೂರೇ ಇತ್ತು. ಈಗ ಪಟೇಲಿಕೆ ನನ್ನದು ಅಂತ ನನ್ನ ತಲೀಗೆ ಬರ್ತೈತೆ.”

ಅವರು ಏನು ಹೇಳಿದರೆಂಬುದು ಅವರಿಗೇ ಹೊಳೆಯಲಿಲ್ಲ. ನನಗೆ ಹೊಳೆಯಿತು. ಬೀಗರು ಎದ್ದು ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಲಗ್ನದ ಮಾತು ಗುರುವಾರ ಆದ್ಮೇಲೆ ಆಡೋಣ್ರಿ” ಅಂದರು. ನನ್ನ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದಳು. ಅವರು ಹೋದ ಮೇಲೆ, “ಒಂದು ಅಕ್ಷರದ ಮಾತಂತಲ್ಲ” ಎಂದಷ್ಟೇ ಅಂದು ಒಳಗೆ ಹೋದಳು.

ಬುಧವಾರ ನಾನು ಮಾಡಿದ್ದು ಶುದ್ಧ ಗುಮಾಸ್ತೆಯ ಕೆಲಸ. ಒಂದು ಹಾಳೆಯಲ್ಲಿ ಗೆರೆ ಎಳೆದು, ಹನ್ನೊಂದು ಪುಟದಲ್ಲಿ ‘ರು’ ಎಂದು ಕೊನೆಯಾಗುವ ಕ್ರಿಯಾಪದವನ್ನೆಲ್ಲ ಒಂದೊಂದಾಗಿ ಇಳಿಸಿದೆ. ಪಕ್ಕದಲ್ಲಿ, ಅದು ಯಾರಿಗೆ ಸೇರಿದ್ದು. ಹುಡುಗ ಪಟೇಲರಿಗೆ ಒಂದು ಕಡೆ ಮರ್ಯಾದೆ ಕೊಟ್ಟು ಇನ್ನೊಂದು ಕಡೆ ಬಿಟ್ಟಿದ್ದರೆ ದಾರಿ ಸಿಗುತ್ತಿತ್ತು. ಅವನು ಎಲ್ಲೂ ತಪ್ಪಿರಲಿಲ್ಲ. ‘ಪಂಚಾಯಿತಿಗೆ ಪಟೇಲರು ಬಂದರು’, ‘ಅಪ್ಪ ಹೇಳಿದರು’, ‘ಊರವರು ಒಪ್ಪಿದರು’, ಎಲ್ಲದಕ್ಕೂ ಒಂದೇ ‘ರು’. ಪಟ್ಟಿ ಮುಗಿದಾಗ ನಾನು ಶುರುಮಾಡಿದ ಜಾಗದಲ್ಲೇ ಇದ್ದೆ.

ಮತ್ತೆ ಮೊದಲ ಪುಟದಿಂದ ಓದಿದೆ, ಈ ಸಲ ಪೆನ್ಸಿಲು ಇಲ್ಲದೆ. ಎರಡನೆಯ ಪುಟದ ಕಾವಲಿನವನ ಹತ್ತಿರ ನಿಂತೆ. ರಾಜನನ್ನು ಬೈದು ಮಲಗಲಾರದವನು ಊರಿಗೆ ಬಂದಕೂಡಲೇ ಪಟೇಲರೊಬ್ಬರನ್ನು ಬೈದು ಮಲಗುತ್ತಾನೆಯೇ? ಈ ಬರಹದಲ್ಲಿ ಒಬ್ಬರ ಕಡೆ ಬೆರಳು ತೋರುವ ಆಸೆ ನನಗೆ ಎಲ್ಲೂ ಕಾಣಲಿಲ್ಲ. ಬಿಂದಿಗೆ ಹಿಡಿದು ನಿಂತವರೆಲ್ಲ ಆ ಕೊನೆಯ ಮಾತಿನಲ್ಲಿ ಇದ್ದರು.

ನಾನು ‘ದೇ’ ಎಂದು ಬರೆದೆ. ಅದನ್ನು ಧೈರ್ಯ ಎಂದು ಈಗಲೂ ಹೇಳಿಕೊಳ್ಳಲಾರೆ. ‘ಹಿ’ ಎಂದು ಬರೆಯಲು ಮೂರು ಸಲ ಲೇಖನಿ ಅದ್ದಿದ್ದೆ. ಆದರೆ ಕೆಳಗೆ ‘ನಿಜವಾದ ತರ್ಜುಮೆ’ ಎಂದು ಬರೆಯಬೇಕಿತ್ತು. ಆ ಸಾಲಿಗೆ ‘ಹಿ’ ಹೊಂದುವುದಿಲ್ಲವೆಂದು ನನಗೆ ಗೊತ್ತಿತ್ತು, ಗೊತ್ತಿದ್ದು ಬರೆಯಲು ಕೈ ಬರಲಿಲ್ಲ. ಗುರುವಾರ ಬೆಳಿಗ್ಗೆ ರುಜು ಹಾಕಿ ಕೊಟ್ಟೆ. ಶಿರಸ್ತೇದಾರರು ಆ ಸಾಲನ್ನು ನೋಡಿ ನನ್ನ ಮುಖ ನೋಡಿದರು, ಕಡತ ಕಟ್ಟಿದರು.

ಹದಿನೈದು ದಿನದ ಮೇಲೆ ವಿಚಾರಣೆ. ಪಟೇಲರಿಗೆ ವಕೀಲರಿದ್ದರು, ಹುಡುಗನಿಗೆ ಯಾರೂ ಇರಲಿಲ್ಲ. ಅವನಿಗೆ ಜಾಮೀನಾಗಿದ್ದ ಪಂಡಿತರು ಗೋಡೆಗೆ ಒರಗಿ ನಿಂತಿದ್ದರು. ಹುಡುಗನ ತಂದೆ ಪಟೇಲರ ಪಕ್ಕದಲ್ಲಿ ಕೂತಿದ್ದರು. ಮಗ ಬುದ್ಧಿಯಿಲ್ಲದೆ ಬರೆದ, ತಪ್ಪು ಕೇಳಿಕೊಳ್ಳುತ್ತಾನೆ ಎಂದು ಸಾಕ್ಷಿ ಹೇಳಲು ಪಟೇಲರೇ ಅವರನ್ನು ಕರೆತಂದಿದ್ದರು. ಹುಡುಗನನ್ನು ನಾನು ನೋಡಿದ್ದು ಅದೇ ಮೊದಲು. ಗಿಡ್ಡನೆಯ ಆಳು, ಕೋಟಿನ ತೋಳು ಚಿಕ್ಕದಾಗಿ ಮಣಿಕಟ್ಟು ಹೊರಗೆ ಬಂದಿತ್ತು.

ಸಾಹೇಬರು ತರ್ಜುಮೆಯನ್ನು ಮೊದಲೇ ಓದಿದ್ದರು. “ಇದರಲ್ಲಿ ಪಟೇಲರು ಕೊಂದರು ಅಂತ ಇಲ್ಲವಲ್ಲ?” ಅಂದರು.

ವಕೀಲರು ಎದ್ದರು. ತಪ್ಪಿರುವುದು ತರ್ಜುಮೆಯಲ್ಲಿ, ಕನ್ನಡದ ‘ರು’ ಗೌರವಾರ್ಥಕವೂ ಆಗುತ್ತದೆ, ಅದನ್ನು ಮುಚ್ಚಿಟ್ಟಿದ್ದಾರೆ ಎಂದು ಶುರುಮಾಡಿದರು. ಕಟಕಟೆಗೆ ಹತ್ತಿಸಿದ್ದು ನನ್ನನ್ನು. ಅಷ್ಟು ದಿನ ಬೇರೆಯವರಿಗೆ ಪ್ರಮಾಣ ಓದಿ ಹೇಳುತ್ತಿದ್ದವನು ಅವತ್ತು ನಾನೇ ಪ್ರಮಾಣ ಮಾಡಿದೆ.

“ಈ ಮಾತು ಒಬ್ಬರಿಗೂ ಸಲ್ಲುತ್ತದೆಯೋ?” ಎಂದರು ವಕೀಲರು.

“ಸಲ್ಲುತ್ತದೆ.”

“ಹಿಂದಿನ ವಾಕ್ಯದಲ್ಲಿ ಪಟೇಲರ ಹೆಸರಿದೆಯೋ?”

“ಅದೇ ಗುಂಪಿನ ವಾಕ್ಯಗಳಲ್ಲಿ ಇದೆ. ಬಿಂದಿಗೆ ಹಿಡಿದವರೂ ಇದ್ದಾರೆ.”

“ಹಾಗಾದರೆ ಹಲವರು ಎಂದು ನೀವು ಬರೆದದ್ದು ನಿಮ್ಮ ಊಹೆ.”

“ಪೂರ್ತಿ ಬರಹ ಓದಿದ ಮೇಲೆ ನನಗೆ ತಿಳಿದದ್ದು.”

“ಊಹೆ” ಎಂದು ಅವರು ಸಾಹೇಬರ ಕಡೆ ತಿರುಗಿದರು. ಬೀಗರು ಬಾಗಿಲ ಹತ್ತಿರ ಕೂತು ನನ್ನನ್ನೇ ನೋಡುತ್ತಿದ್ದರು.

ಸಾಹೇಬರು ಲೇಖನಿ ಕೆಳಗಿಟ್ಟರು. “ಬರೆದವನು ಇಲ್ಲೇ ಇದ್ದಾನೆ. ಅವನನ್ನೇ ಕೇಳೋಣ” ಅಂದು, ನೋಟ್‌ಬುಕ್ಕು ಅವನ ಕೈಗೆ ಕೊಡಿಸಿದರು. “ನೋಡಪ್ಪ, ಬೇಡ ಅಂದರೆ ನೀನು ಉತ್ತರ ಹೇಳಬೇಕಾಗಿಲ್ಲ. ಈ ಕೊಂದರು, ಒಬ್ಬರಾ, ತುಂಬ ಜನರಾ?”

ತಪ್ಪಿಸಿಕೊಳ್ಳಲು ಬಾಗಿಲು ತೆರೆದೇ ಇತ್ತು. ‘ತುಂಬ ಜನ’ ಅಂದುಬಿಟ್ಟರೆ ಅವನು ಮಧ್ಯಾಹ್ನದ ಪಾಠಕ್ಕೆ ಹೋಗಬಹುದಿತ್ತು. ಅವನು ಆ ಪುಟ ತೆರೆದು ನೋಡಿದ. “ಅದು ತಪ್ಪು ಐತೆ ಸ್ವಾಮಿ” ಅಂದ.

ಅವನ ತಂದೆ ಉಸಿರು ಬಿಟ್ಟರು. ಪಟೇಲರೂ ಕಾಲು ಸರಿಮಾಡಿಕೊಂಡರು. ಹುಡುಗ ತಪ್ಪು ಕೇಳಿಕೊಳ್ಳುತ್ತಾನೆ ಎಂದೇ ಎಲ್ಲರಿಗೂ ಅನ್ನಿಸಿತು.

“ಏನು ತಪ್ಪು?” ಎಂದರು ಸಾಹೇಬರು.

“ಕೊಂದರು ಅಂತ ಬರ್ದಿದ್ದು ತಪ್ಪು. ಕೊಂದೆವು ಅಂತ ಬರೀಬೇಕಿತ್ತು. ಅವತ್ತು ಬರಿಯೋವಾಗ ಎದೆ ಸಾಲಲಿಲ್ಲ.”

“ನೀನೂ ಅಲ್ಲಿದ್ದೆಯಾ?”

“ಇದ್ದೆ. ರಜಕ್ಕೆ ಊರಿಗೆ ಹೋಗಿದ್ದೆ. ನನ್ನ ಕೈಯಾಗೂ ಬಿಂದಿಗೆ ಇತ್ತು. ತುಂಬಿತ್ತು. ಆಯಮ್ಮ ನನ್ನ ಮುಂದೇ ಬಂದು ಕೈ ಒಡ್ಡಿದ್ಲು. ನಾನು ನಮ್ಮಪ್ಪನ ಮುಖ ನೋಡಿದೆ. ಅಪ್ಪ ಬೇಡ ಅಂತ ತಲೆ ಅಲ್ಲಾಡಿಸಿದ್ರು. ನಾನು ಬಿಂದಿಗೆ ಹೊತ್ಕಂಡು ಮನೀಗೆ ಹೋದೆ.”

“ಲೇ, ಬಾಯ್ಮುಚ್ಚಲೇ!” ತಂದೆ ಎದ್ದು ನಿಂತಿದ್ದರು. ಪೇದೆ ಅವರ ಹೆಗಲು ಹಿಡಿದು ಕೂರಿಸಿದ. ಹುಡುಗ ಆ ಕಡೆ ತಿರುಗಲಿಲ್ಲ.

“ಸಂಜಿ ಹೊತ್ತಿಗೆ ಕೂಸು ಹೋತು ಅಂತ ಗೊತ್ತಾತು. ನಮ್ಮನೇಲಿ ಊಟ ಮಾಡಿದ್ವಿ. ನಾನೂ ಮಾಡ್ದೆ. ಆಮ್ಯಾಲೆ ಈ ಪುಸ್ತಕ ಓದಿದೆ. ಅದ್ರಾಗೆ ನಾನು ಎಲ್ಲಿದೀನಿ ಅಂತ ಹುಡುಕಿದ್ರೆ ಬಾಗಿಲ ಹತ್ರ ಸಿಕ್ದೆ.”

ಸಾಹೇಬರು ನನ್ನನ್ನು ಕೇಳಿದರು, “ಕೊಂದೆವು, ಅದಕ್ಕೆ ಇಂಗ್ಲಿಷಿನಲ್ಲಿ ಎರಡು ಅರ್ಥ ಇದೆಯೋ?”

“ಇಲ್ಲ. ಒಂದೇ” ಎಂದೆ. ನನ್ನ ‘ದೇ’ಯನ್ನು ಅವರೇ ಹೊಡೆದುಹಾಕಿ, ಮೇಲೆ ‘ವೀ’ ಎಂದು ಬರೆದು, ಹುಡುಗನ ಹೇಳಿಕೆಯ ಮೇರೆಗೆ ಎಂದು ಪಕ್ಕದಲ್ಲಿ ಗುರುತು ಹಾಕಿದರು. ನಾಲ್ಕು ದಿನ ನಾನು ಹೊತ್ತು ತಿರುಗಿದ ಮಾತು ಒಂದು ಗೀಟಿನಲ್ಲಿ ಹೋಯಿತು.

ಫಿರ್ಯಾದು ವಜಾ ಆಯಿತು. ಬರೆದವನು ತನ್ನನ್ನೂ ಸೇರಿಸಿ ಇಡೀ ಊರನ್ನು ದೂರಿಕೊಂಡಿದ್ದಾನೆ, ಇದರಲ್ಲಿ ಫಿರ್ಯಾದಿಯೊಬ್ಬನ ಮಾನಹಾನಿ ಇಲ್ಲ ಎಂದು ಸಾಹೇಬರು ಬರೆದರು. ಕೂಸಿನ ಸಾವಿನ ಬಗ್ಗೆ ವಿಚಾರಣೆ ಮಾಡಿ ತಿಳಿಸಬೇಕೆಂದು ಅಮಲ್ದಾರರಿಗೂ ಒಂದು ಕಾಗದ ಹೋಯಿತು. ಅದಕ್ಕೆ ಉತ್ತರ ಬರಲು ಮೂರು ತಿಂಗಳು ಹಿಡಿಯಿತು. ತರ್ಜುಮೆ ಮಾಡಿದವನು ನಾನೇ. ಕೂಸು ಜ್ವರದಿಂದ ತೀರಿಕೊಂಡಿತು, ಆ ಐದು ಮನೆಯವರು ತಾವಾಗಿಯೇ ಊರು ಬಿಟ್ಟಿದ್ದಾರೆ, ನೀರು ಇಲ್ಲವೆಂದು ಯಾರಾದರೂ ಅಂದದ್ದಕ್ಕೆ ಸಾಕ್ಷಿಯಿಲ್ಲ ಎಂದಿತ್ತು. ಹೌದು, ಯಾರೂ ಏನೂ ಅಂದಿರಲಿಲ್ಲ. ಆ ತರ್ಜುಮೆಯಲ್ಲಿ ನನಗೆ ಎಲ್ಲೂ ತೊಡಕಾಗಲಿಲ್ಲ. ಪಟೇಲರು ಪಟೇಲರಾಗಿಯೇ ಉಳಿದರು.

ವಜಾ ಆದ ದಿನ ಕೋರ್ಟಿನ ಮುಂದಿನ ಹುಣಸೆ ಮರದ ಕೆಳಗೆ ಹುಡುಗನ ತಂದೆ ಎತ್ತು ಕಟ್ಟುತ್ತಿದ್ದರು. ಮಗ ಹತ್ತಿರ ಹೋಗಿ ನಿಂತ. ಅವರು ನೊಗದ ಹಗ್ಗ ಬಿಗಿಯುತ್ತಲೇ, “ನಂಗೆ ಒಬ್ನೇ ಮಗ, ದೊಡ್ಡೋನು. ಅವನು ಊರಾಗೆ ಅವ್ನೆ” ಅಂದರು. ಗಾಡಿ ಹೊಳಲ್ಕೆರೆ ದಾರಿ ಹಿಡಿಯಿತು. ಒಂದು ವಾರದಲ್ಲಿ ಶಾಲೆಯವರು ಹುಡುಗನ ಹೆಸರು ಹೊಡೆದುಹಾಕಿದರು. ಪಂಡಿತರಿಗೆ ಹೊಸದುರ್ಗಕ್ಕೆ ವರ್ಗವಾಯಿತು. ನನ್ನ ಬೀಗರಾಗಬೇಕಾದವರು ಏನೂ ಹೇಳಿಕಳಿಸಲಿಲ್ಲ. ಅವರ ಮಗನಿಗೆ ಜವನಗೊಂಡನಹಳ್ಳಿ ಕಡೆಯ ಹೆಣ್ಣು ನಿಶ್ಚಯವಾಯಿತೆಂದು ಸಂತೆಯಲ್ಲಿ ಯಾರೋ ಹೇಳಿದರು. ಮನೆಯಲ್ಲಿ ಆ ಮಾತು ತೆಗೆದಾಗ ಮಗಳು ಜೋಳ ಬೀಸುತ್ತಿದ್ದಳು. “ನೀವು ಬರೆದದ್ದು ಕೊನೆಗೆ ಉಳಿಯಲೂ ಇಲ್ಲವಂತಲ್ಲಪ್ಪ” ಅಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಚಳಿಗಾಲದಲ್ಲಿ ಹಿರಿಯೂರಿನಿಂದ ಅಂಚೆಯಲ್ಲಿ ಒಂದು ಅರ್ಜಿ ಬಂತು. ಸ್ಟಾಂಪು ಅಂಟಿಸಿ, ಕ್ರಮವಾಗಿ ಬರೆದಿತ್ತು. ಇಂಥ ಮೊಕದ್ದಮೆಯ ದಾಖಲೆಯಲ್ಲಿರುವ ನೋಟ್‌ಬುಕ್ಕಿನ ಹನ್ನೊಂದು ಪುಟದ ನಕಲು ಬೇಕು. ಕೆಳಗೆ ಆ ಹುಡುಗನ ರುಜು. ವಿಳಾಸ, ಮಾರಿಕಣಿವೆಯ ಕಟ್ಟೆ ಕೆಲಸ.

ನಕಲು ಮಾಡುವುದು ನನ್ನ ಕೆಲಸವಲ್ಲ, ಆದರೂ ಕೇಳಿ ಪಡೆದು ನಾನೇ ಮಾಡಿದೆ. ನಕಲಿನಲ್ಲಿ ಮೂಲ ಹೇಗಿದೆಯೋ ಹಾಗೇ ಇರಬೇಕು. ‘ಕೊಂದರು’ ಎಂದೇ ಬರೆದೆ. ಸಾಹೇಬರ ಕ್ಯಾಂಪು ಆ ತಿಂಗಳು ಹಿರಿಯೂರಿಗೆ ಹೊರಟಿತ್ತು. ಐಮಂಗಲದ ಮೇಲೆ ಗಾಡಿಗಳಲ್ಲಿ ಹೋದೆವು. ಒಂದು ದಿನ ಬಿಡುವು ಕೇಳಿ, ನಕಲನ್ನು ಜೇಬಿನಲ್ಲಿಟ್ಟುಕೊಂಡು ಕಣಿವೆಗೆ ಹೋದೆ.

ಎರಡು ಗುಡ್ಡದ ನಡುವೆ ಕಟ್ಟೆ ಏಳುತ್ತಿತ್ತು. ಸುಣ್ಣದ ಧೂಳು, ಕಲ್ಲಿನ ಸದ್ದು, ಸಾವಿರಾರು ಕೂಲಿಯವರು. ಅವನು ಒಬ್ಬ ಮೇಸ್ತ್ರಿಯ ಕೈಕೆಳಗೆ ಹಾಜರಿ ಬರೆಯುತ್ತಿದ್ದ. ನನ್ನನ್ನು ಕಂಡು ಗಾಬರಿಯಾದ, ಆಮೇಲೆ ಕೈ ಮುಗಿದ.

“ಇಲ್ಲಿಗೇ ಯಾಕಪ್ಪ ಬಂದೆ?” ಎಂದು ಕೇಳಿದೆ.

“ಆಯಮ್ಮ ಇಲ್ಲಿ ಗಾರೆ ಹೊರ್ತಾಳೆ ಅಂತ ಗೊತ್ತಾತು. ಅದಕ್ಕೆ ಬಂದೆ. ಬಂದು ತಿಂಗ್ಳು ತನಕ ಎದುರಿಗೆ ಹೋಗಾಕೆ ಆಗಲಿಲ್ಲ. ಒಂದಿನ ಹೋಗಿ, ಬಿಂದಿಗೆ ಹಿಡ್ಕಂಡಿದ್ದೋನು ನಾನೇ ಅಂದೆ. ಗೊತ್ತೈತೆ ಅಂದ್ಲು. ಆಮ್ಯಾಲೆ, ಅದೇನೋ ಬರ್ದು ಕೋರ್ಟಿಗೆ ಹೋದ್ಯಂತಲ್ಲ, ಅದನ್ನ ಓದು ಅಂದ್ಲು. ಬಾಯಾಗೆ ಹೇಳ್ತೀನಿ ಅಂದೆ. ಬ್ಯಾಡ, ಬರ್ದಿದ್ದನ್ನೇ ಓದು ಅಂದ್ಲು.”

ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಕೂಲಿಯವರ ಗುಡಿಸಲುಗಳ ಕಡೆ ಹೋದೆವು. ಇನ್ನೂ ಬೆಳಕಿತ್ತು. ಅವಳು ಮೂರು ಕಲ್ಲಿನ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ವಯಸ್ಸು ಇಪ್ಪತ್ತೈದೂ ಇರಲಾರದು. ಗಂಡ ಬಾಗಿಲಲ್ಲಿ ಕೂತಿದ್ದ, ನಮ್ಮನ್ನು ಕಂಡು ಏಳಲಿಲ್ಲ. ಅವಳು ನನ್ನ ಕಡೆ ಗದ್ದ ಎತ್ತಿ, “ಇವರ್ಯಾರು?” ಅಂದಳು.

“ಕೋರ್ಟಿನೋರು. ಬರ್ದಿದ್ದು ತಂದವ್ರೆ.”

“ಓದು ಮತ್ತೆ.”

ಅವನು ನೆಲದ ಮೇಲೆ ಕೂತು ಮೊದಲ ಪುಟದಿಂದ ಓದಿದ. ರಾಜನ ಅಪ್ಪಣೆ, ಕುಂಬಾರರ ಕೇರಿ, ಕಾವಲಿನವನ ತಿತ್ತಿ. ಅವಳು ರೊಟ್ಟಿ ತಟ್ಟುತ್ತ, ತಿರುವಿ ಹಾಕುತ್ತ ಕೇಳಿದಳು. ಬೈರಾಗಿಯ ಮಾತು ಬಂದಾಗ ಗಂಡ ಒಮ್ಮೆ ತಲೆಯೆತ್ತಿದ. ಬಾವಿಯ ಜಾಗ ಬಂದಾಗ ಅವಳ ಕೈ ನಿಂತಿತು. ‘ಕೊಂದೆವು’ ಎಂದು ಹುಡುಗ ಓದಿದ. ಪುಟದಲ್ಲಿ ‘ಕೊಂದರು’ ಎಂದಿತ್ತು, ನನ್ನದೇ ಅಕ್ಷರ. ಮುಂದೆ ಇನ್ನೆರಡು ಪುಟ ಓದಿ ಮುಗಿಸಿ ಕಾಗದ ಮಡಿಸಿದ.

“ಇಷ್ಟೇನಾ?” ಅಂದಳು.

“ಇಷ್ಟೇ ಅಕ್ಕ.”

“ರಾಜ ಅವ್ನೆ, ಬಾಗ್ಲು ಕಾಯೋನು ಅವ್ನೆ, ಪಟೇಲ್ರು ಅವ್ರೆ. ಬಾವಿನೂ ಐತೆ. ನನ್ನ ಕೂಸಿನ ಹೆಸರು ಬರ್ಲೇ ಇಲ್ಲ.”

ಹನ್ನೊಂದು ಪುಟದ ಮೂಲ, ಅದರ ಇಂಗ್ಲಿಷು, ಹೇಳಿಕೆ, ತೀರ್ಪು, ಅಮಲ್ದಾರರ ವರದಿ, ಈ ನಕಲು. ಎಲ್ಲವೂ ನನ್ನ ಕೈ ದಾಟಿ ಹೋಗಿದ್ದವು. ಎಲ್ಲದರಲ್ಲೂ ‘ಕೂಸು’. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ, ಸಾಹೇಬರಿಗೂ ಹೊಳೆದಿರಲಿಲ್ಲ.

“ಏನು ಹೆಸರು ಅಕ್ಕ?” ಎಂದ ಹುಡುಗ, ಮೆಲ್ಲಗೆ.

ಅವಳು ಅವನನ್ನು ಸುಮ್ಮನೆ ನೋಡಿದಳು. “ಎಂಟು ತಿಂಗ್ಳು ಅದೇ ಊರಾಗೆ ಇತ್ತು. ನಿಮ್ಮ ಹಿತ್ಲ ಹಿಂದಿನ ಬೀದಿ. ದಿನಾ ಕೂಗಿ ಕೂಗಿ ಆಡಿಸ್ತಿದ್ದೆ. ನಿಂಗೆ ಗೊತ್ತಿಲ್ಲೇನು?”

ಅವನಿಗೆ ಗೊತ್ತಿರಲಿಲ್ಲ. ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಅವಳು ಕಾದಳು. ನಿಜವಾಗಿಯೂ ಕಾದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಾಗ ಅದನ್ನು ತೆಗೆದು ಪಕ್ಕಕ್ಕೆ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡಳು. ಮತ್ತೆ ನಮ್ಮ ಕಡೆ ನೋಡಲಿಲ್ಲ.

ಗುಡ್ಡದ ಇಳಿಜಾರಿನಲ್ಲಿ ನನ್ನನ್ನು ಗಾಡಿಯವರೆಗೆ ಬಿಡಲು ಅವನು ಬಂದ. ಗಾಡಿ ಹತ್ತುವಾಗ, “ಇನ್ನು ಊರಿಗೆ ಹೋಗ್ತೀಯೇನಪ್ಪ?” ಎಂದೆ.

“ಇಲ್ಲ ಸ್ವಾಮಿ. ಆಯಮ್ಮ ಆ ಹೆಸರು ಹೇಳೋ ತನಕ ಇಲ್ಲೇ ಇರ್ತೀನಿ.”

ಕಟ್ಟೆ ಮುಗಿಯುವವರೆಗೂ ಅವನು ಅಲ್ಲೇ ಇದ್ದನೆಂದು ಕೇಳಿದ್ದೇನೆ. ಅವಳು ಹೇಳಿದಳೋ ಇಲ್ಲವೋ, ನನಗೆ ತಿಳಿಯಲಿಲ್ಲ.